ಅಂದಾಜಿನ ಊರು, ಖಾತ್ರಿಯ ಊರು

ಕೇಳುಗರಿಗೆ ನಮಸ್ಕಾರ.

ಮನೆತನದ ಹಳೆಯ ಸಂಗತಿ ಕಲೆಹಾಕುವವರಿಗೆ ಹುಟ್ಟಿದ ಇಸವಿ ಸರಿಯಾಗಿ ಸಿಗದಿದ್ದರೆ ಅಷ್ಟು ಚಿಂತೆಯಿಲ್ಲ. 'ಸುಮಾರು 1830' ಎಂದು ಬರೆದು ಮುಂದೆ ಹೋಗುತ್ತಾರೆ. ಹುಟ್ಟಿದ ಊರಿನ ವಿಷಯಕ್ಕೆ ಬಂದಾಗ ಮಾತ್ರ 'ಸುಮಾರು' ಎನ್ನಲು ಯಾಕೋ ಮನಸ್ಸು ಬರುವುದಿಲ್ಲ. ಖಾಲಿ ಜಾಗ ಕಂಡರೆ ಯಾವುದೋ ಒಂದು ಹೆಸರು ತುಂಬಿಬಿಡುತ್ತಾರೆ.

ಹಳೆಯ ದಾಖಲೆಗಳೇ ಎಷ್ಟೋ ಸಲ ಅರ್ಧ ಮಾತ್ರ ಹೇಳುತ್ತವೆ. ಇಂಗ್ಲೆಂಡಿನ 1841ರ ಜನಗಣತಿಯನ್ನೇ ನೋಡಿ. ಈಗ ಇರುವ ಕೌಂಟಿಯಲ್ಲೇ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದಲ್ಲೇ, ಹುಟ್ಟಿದ್ದಾ, ಇಲ್ವಾ? ಕೇಳಿದ್ದು ಇಷ್ಟೇ. ಸ್ಕಾಟ್ಲೆಂಡ್, ಐರ್ಲೆಂಡ್ ಅಥವಾ ಹೊರದೇಶದಲ್ಲಿ ಹುಟ್ಟಿದವರಿಗೆ ಒಂದೊಂದು ಅಕ್ಷರದ ಗುರುತು. ಹುಟ್ಟಿದ ಊರನ್ನು ಕೇಳಲು ಶುರು ಮಾಡಿದ್ದು 1851ರಲ್ಲಿ. ಹಾಗಾಗಿ 1841ರ ಪಟ್ಟಿಯಲ್ಲಿ 'ಹೌದು' ಎಂದಿದ್ದರೆ, ಆತ ಎಣಿಕೆಗೆ ಸಿಕ್ಕ ಹಳ್ಳಿಯಲ್ಲೇ ಹುಟ್ಟಿದ ಎಂದಲ್ಲ. ದಾಖಲೆ ಕೊಟ್ಟಿದ್ದು ಕೌಂಟಿ. ನಾವೂ ಅಲ್ಲಿಗೇ ನಿಲ್ಲಬೇಕು. ಇನ್ನು 'ಇಲ್ಲ' ಎಂದಿದ್ದರೆ ಅದನ್ನು ಬಿಸಾಡಬೇಡಿ. 'ಈ ಕೌಂಟಿಯಲ್ಲಿ ಅಲ್ಲ' ಎಂದೇ ಬರೆದಿಡಿ. ಮುಂದೆ ಹುಡುಕುವವರಿಗೆ ಒಂದು ಕೌಂಟಿಯಲ್ಲಿ ಹುಡುಕುವ ಕೆಲಸ ತಪ್ಪುತ್ತದೆ.

ಜಾಸ್ತಿ ಮೋಸ ಮಾಡುವುದು ನಕ್ಷೆ. 'ಐರ್ಲೆಂಡ್' ಎಂದಷ್ಟೇ ಟೈಪ್ ಮಾಡಿದರೆ ವಂಶವೃಕ್ಷದ ಕೆಲವು ತಂತ್ರಾಂಶಗಳು ದೇಶದ ನಡುವೆ ಎಲ್ಲೋ ಒಂದು ಚುಕ್ಕೆ ಇಡುತ್ತವೆ. ಜೊತೆಗೆ ಅಕ್ಷಾಂಶ, ರೇಖಾಂಶ, ದಶಾಂಶ ಬಿಂದುವಿನ ನಂತರ ನಾಲ್ಕು ಅಂಕಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ನಾಲ್ಕನೆಯ ಅಂಕಿಗೆ ಬರುವಷ್ಟರಲ್ಲಿ ಅದು 11 ಮೀಟರ್. ಯಾವ ಜಿಲ್ಲೆ ಎಂದೇ ಗೊತ್ತಿಲ್ಲದ ಅಜ್ಜಿಗೆ ಮನೆಯ ಅಂಗಳವನ್ನೇ ತೋರಿಸಿದ ಹಾಗಾಯಿತು, ಅಲ್ವಾ? ಇಂಥ ಕಡೆ ಚುಕ್ಕೆಯನ್ನು ಅಳಿಸಿಬಿಡುವುದೇ ವಾಸಿ.

ಹೆಸರು ಸಿಕ್ಕ ಮಾತ್ರಕ್ಕೆ ಊರು ಸಿಕ್ಕಿತು ಎನ್ನುವ ಹಾಗೂ ಇಲ್ಲ. ಹೈದರಾಬಾದ್ ಭಾರತದಲ್ಲೂ ಇದೆ, ಪಾಕಿಸ್ತಾನದ ಸಿಂಧ್‌ನಲ್ಲೂ ಇದೆ. ಪತ್ರದಲ್ಲಿ ಬರೀ 'ಹೈದರಾಬಾದ್' ಎಂದಿದ್ದರೆ ಅದನ್ನು ಹಾಗೇ ಇಳಿಸಿಕೊಳ್ಳಿ. ಯಾವುದಿರಬಹುದು ಎಂಬ ನಿಮ್ಮ ಊಹೆ, ಅದಕ್ಕೆ ಕಾರಣ, ಇವೆರಡೂ ಟಿಪ್ಪಣಿಗೆ ಹೋಗಲಿ. ಇಂದಿನ ಯುಕ್ರೇನಿನ ಲ್ವಿವ್ 1918ರವರೆಗೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು, ಆಮೇಲೆ ಪೋಲೆಂಡಿಗೆ, ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟಕ್ಕೆ ಸೇರಿತು. 1900ರಲ್ಲಿ ಅಲ್ಲಿ ಹುಟ್ಟಿದವರಿಗೆ ಸುಮ್ನೆ 'ಯುಕ್ರೇನ್' ಎಂದು ಬರೆದರೆ ದಾಖಲೆ ಹುಡುಕುವವರು ದಾರಿ ತಪ್ಪುತ್ತಾರೆ. ಆಗಿನ ಹೆಸರು ಮೊದಲು, ಈಗಿನದು ಪಕ್ಕದಲ್ಲಿ.

'ಹತ್ತಿರ', 'ಬಹುಶಃ' ಎಂಬ ಮಾತುಗಳನ್ನು ಊರಿನ ಹೆಸರಿಗೇ ಅಂಟಿಸಬಹುದಾ? ನನಗೇನೋ ಅದು ಇಷ್ಟವಿಲ್ಲ. ಕಂಪ್ಯೂಟರು 'ಬಹುಶಃ ಡಬ್ಲಿನ್' ಎಂಬುದನ್ನು ಹೊಸ ಊರು ಎಂದೇ ಎಣಿಸುತ್ತದೆ. ಖಚಿತವಾಗಿರುವ ದೊಡ್ಡ ಪ್ರದೇಶವನ್ನು ಊರಿನ ಜಾಗದಲ್ಲಿ ಹಾಕಿ, ಅನುಮಾನವನ್ನು ಟಿಪ್ಪಣಿಯಲ್ಲಿ ಹೇಳಿ. ಮೂಲ ಕಾಗದದಲ್ಲೇ 'ಹತ್ತಿರ' ಎಂದಿದ್ದರೆ ಮಾತ್ರ ಅದನ್ನು ತೆಗೆಯಬೇಡಿ.

ಹಡಗಿನಲ್ಲಿ ಹುಟ್ಟಿದವರ ಲೆಕ್ಕವೇ ಬೇರೆ. ಅವರಿಗೆ ಊರಿಲ್ಲ. 'ಸಮುದ್ರದಲ್ಲಿ' ಎಂದು ಬರೆದು, ಹಡಗಿನ ಹೆಸರು, ಹೊರಟ ಬಂದರು, ತಲುಪಿದ ಬಂದರು, ಎರಡೂ ತಾರೀಖು ಸೇರಿಸಿ.

ನಮಸ್ಕಾರ.