ಬಣ್ಣ ಬಿಡಿ, ನಡಿಗೆ ನೋಡಿ

ಕೇಳುಗರಿಗೆ ನಮಸ್ಕಾರ.

ಚಳಿಗಾಲ ಶುರುವಾದರೆ ಸಾಕು, ನನಗೆ ಫೋನ್ ಮೇಲೆ ಫೋನ್. "ಸರ್, ಕೆರೆ ಅಂಚಲ್ಲಿ ಸಣ್ಣ ಹಕ್ಕಿ. ಬೆನ್ನು ಬೂದು, ಹೊಟ್ಟೆ ಬಿಳಿ. ಯಾವುದು?" ಅಂತ. ಅಲ್ಲ ಸ್ವಾಮಿ, ಆಗ ಕೆಸರಲ್ಲಿ ಓಡಾಡುವ ಸಣ್ಣ ಹಕ್ಕಿಗಳೆಲ್ಲ ಹೆಚ್ಚುಕಮ್ಮಿ ಹಾಗೇ ಇರುತ್ತವೆ! ಅವುಗಳಲ್ಲಿ ಎಷ್ಟೋ ಹಕ್ಕಿಗಳು ಸೈಬೀರಿಯಾ ಕಡೆ ಮರಿ ಮಾಡಿ, ಮದುವೆ ಬಟ್ಟೆ, ಅಂದರೆ ಮರಿ ಮಾಡುವ ಕಾಲದ ಬಣ್ಣದ ಗರಿ ಕಳಚಿ, ನಮ್ಮಲ್ಲಿಗೆ ಬರುತ್ತವೆ. ಬಣ್ಣ ಬಿಡಿ. ನಡಿಗೆ ನೋಡಿ.

ಇದನ್ನು ನನಗೆ ಕಲಿಸಿದವರು ಎಮ್ಮೆ ಮೇಯಿಸುವ ಒಬ್ಬ ಯಜಮಾನರು. ನಂಜನಗೂಡಿನ ಹತ್ತಿರ ಹದಿನಾರು ಕೆರೆ ಇದೆ. ಊರಿನ ಹೆಸರು ಹದಿನಾರು. ಸುಮ್ನೆ ಕೆರೆ ಎಣಿಸೋಕೆ ಹೋಗಬೇಡಿ. ಅಲ್ಲಿ ಎರಡು ಹಕ್ಕಿ ನೋಡುತ್ತಾ ಕೂತಿದ್ದೆ. ಒಂದು ಲಿಟಲ್ ಸ್ಟಿಂಟ್, ಇನ್ನೊಂದು ಟೆಮಿಂಕ್ ಸ್ಟಿಂಟ್. ಆದರೆ ಯಾವುದು ಯಾವುದು? ಎರಡೂ ಗುಬ್ಬಚ್ಚಿಯಷ್ಟೇ. ಲಿಟಲ್‌ಗೆ ಕಪ್ಪು ಕಾಲು, ಟೆಮಿಂಕ್‌ಗೆ ಹಳದಿ ಕಾಲು ಅಂತ ಓದಿಕೊಂಡಿದ್ದೆ. ಬೈನಾಕ್ಯುಲರ್ ಹಿಡಿದು ಅರ್ಧ ಗಂಟೆ ಕಾಲನ್ನೇ ನೋಡಿದೆ. ಎರಡಕ್ಕೂ ಕಾಲ ತುಂಬ ಕೆಸರು!

ಯಜಮಾನರು ಬಂದು ನಿಂತರು. ಬೈನಾಕ್ಯುಲರ್ ಕೊಟ್ಟರೆ ಬೇಡ ಅಂದರು. ಕೋಲು ಚಾಚಿ, "ಅದು ನಾಟಿ ಹಾಕೋರಂಗೆ ಬಗ್ಗಿಕೊಂಡೇ ಹೋಯ್ತದೆ. ಇದು ಬಸ್ಸು ಬುಟ್ಟೋಯ್ತು ಅನ್ನಂಗೆ ಓಡ್ತದೆ. ಎರಡೂ ಒಂದೇನಾ?" ಅಂದರು. ಅಷ್ಟರಲ್ಲಿ ಅವರ ಎಮ್ಮೆ ನೀರಿಗಿಳಿಯಿತು. ಎರಡೂ ಹಾರಿದವು. ಬಗ್ಗಿ ನಡೆಯುತ್ತಿದ್ದದ್ದು 'ಟಿರ್ರ್ರ್' ಅಂತು, ಬಾಲದ ಅಂಚು ಬೆಳ್ಳಗೆ ಮಿಂಚಿತು. ಟೆಮಿಂಕ್! ಓಡುತ್ತಿದ್ದದ್ದು ಲಿಟಲ್. ನನ್ನ ಅರ್ಧ ಗಂಟೆ ದಂಡ.

ಮಿಕ್ಕದ್ದನ್ನೂ ಹೀಗೇ ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಬಗ್ಗಿ ಕುಕ್ಕಿದರೆ ಪ್ಲವರ್. ಅದರಲ್ಲೂ ಕಣ್ಣಿನ ಸುತ್ತ ಹಳದಿ ಬಳೆ ಇದ್ದರೆ ಲಿಟಲ್ ರಿಂಗ್ಡ್ ಪ್ಲವರ್. ನಿಂತಲ್ಲೇ ಹಿಂಭಾಗ ಕುಣಿಸುತ್ತಾ ಇದ್ದರೆ, ಹೆಗಲ ಮುಂದೆ ಬಿಳಿ ಪಟ್ಟೆ ಹುಡುಕಿ. ಇದ್ದರೆ ಕಾಮನ್ ಸ್ಯಾಂಡ್‌ಪೈಪರ್. ಮೊದಲು ನಡಿಗೆ, ಆಮೇಲೆ ಉಳಿದದ್ದು. ಎಷ್ಟು ಸಲ ಹೇಳಲಿ!

ಕಾರವಾರದ ಮರಳದಂಡೆಯ ಪ್ಲವರ್‌ಗಳ ಬಗ್ಗೆ ಎರಡು ಪುಟ ಬರೆದು ತಂದಿದ್ದೆ. ಹೊತ್ತೆಲ್ಲ ಯಜಮಾನರಿಗೇ ಹೋಯಿತು. ಭಾನುವಾರ ಕೆರೆಗೆ ಹೋದರೆ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ. ಫೋಟೋದಲ್ಲಿ ಹಕ್ಕಿ ನಡೆಯುವುದಿಲ್ಲ, ಅಲ್ವಾ? ನಮಸ್ಕಾರ.