ಮತ ಎಷ್ಟು ಬಂತು ಎಂದು ಕೇಳಿ

ಕೇಳುಗರಿಗೆ ನಮಸ್ಕಾರ. ಫಲಿತಾಂಶದ ದಿನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಯಾರಿಗೆ ಎಷ್ಟು ಸೀಟು? ಮತ ಎಷ್ಟು ಬಂತು ಎಂದು ಕೇಳುವವರು ವಿರಳ. ಕರ್ನಾಟಕದಲ್ಲಿ ಕಾಂಗ್ರೆಸ್ ಪಕ್ಷದ ಸೋಲು ಗೆಲುವು ಅರ್ಥವಾಗಬೇಕಾದರೆ ದಯವಿಟ್ಟು ಮೊದಲು ಮತ ಎಷ್ಟು ಎಂದು ಕೇಳಿ.

1983ನ್ನೇ ನೋಡಿ. ಕಾಂಗ್ರೆಸ್ ಇಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ ವರ್ಷ. ಜನ ಕಾಂಗ್ರೆಸ್ಸನ್ನು ತಿರಸ್ಕರಿಸಿದರು ಎಂದು ಇಂದಿಗೂ ಬರೆಯುತ್ತಾರೆ. ಆದರೆ ಅದಕ್ಕೆ ಬಿದ್ದ ಮತ ನೂರಕ್ಕೆ 40, ಜನತಾ ಪಕ್ಷಕ್ಕೆ 33! ಸೀಟು ಮಾತ್ರ 82 ಮತ್ತು 95.

ಇದು ಹೇಗೆ ಸಾಧ್ಯ? ನಿಮ್ಮನ್ನು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಗೆ ಕರೆದೊಯ್ಯುತ್ತೇನೆ. 2004ರ ವಿಧಾನಸಭಾ ಚುನಾವಣೆ. ಕಾಂಗ್ರೆಸ್ಸಿನಿಂದ ಆರ್. ಧ್ರುವನಾರಾಯಣ, ಜನತಾದಳ ಜಾತ್ಯತೀತದಿಂದ ಎ.ಆರ್. ಕೃಷ್ಣಮೂರ್ತಿ. ಎಣಿಕೆ ಮುಗಿದಾಗ ಕೃಷ್ಣಮೂರ್ತಿಯವರಿಗೆ 40,751 ಮತ. ಧ್ರುವನಾರಾಯಣ ಅವರಿಗೆ 40,752. ಒಂದೇ ಒಂದು ಮತ! ಅಂದು ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಮತ ಹಾಕಲು ಬಿಡುವು ಸಿಕ್ಕಿರಲಿಲ್ಲವಂತೆ. ಆ ಮನುಷ್ಯನ ಸಂಕಟವನ್ನು ನೆನೆದಾಗಲೆಲ್ಲ ನನಗೆ ಕರುಳು ಚುರುಕ್ ಎನ್ನುತ್ತದೆ. ಗಮನಿಸಿ, ಒಬ್ಬರ 40,752 ಮತಕ್ಕೆ ಒಂದು ಸೀಟು; ಇನ್ನೊಬ್ಬರ 40,751 ಮತಕ್ಕೆ ಏನೂ ಇಲ್ಲ. ಅಷ್ಟೂ ಜನರ ಮತ ವಿಧಾನಸೌಧದ ಮೆಟ್ಟಿಲನ್ನೂ ಮುಟ್ಟಲಿಲ್ಲ.

ಆ ಕ್ಷೇತ್ರದಲ್ಲಿ ಗೆದ್ದದ್ದು ಕಾಂಗ್ರೆಸ್. ಆದರೆ ಅದೇ ಚುನಾವಣೆಯಲ್ಲಿ, ಇಡೀ ರಾಜ್ಯದಲ್ಲಿ, ಕೃಷ್ಣಮೂರ್ತಿಯವರಿಗಾದದ್ದೇ ಕಾಂಗ್ರೆಸ್ಸಿಗೂ ಆಯಿತು. ಮತ ನೂರಕ್ಕೆ 35, ಬಿಜೆಪಿಗೆ 28. ಸೀಟು 65, ಬಿಜೆಪಿಗೆ 79. ಕಾಂಗ್ರೆಸ್ಸಿನ ಮತ ಬೀದರದಿಂದ ಚಾಮರಾಜನಗರದವರೆಗೆ ಎಲ್ಲ ಕಡೆ ಹರಡಿದೆ. ಬಿಜೆಪಿಯ ಮತ ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಬೆಳಗಾವಿ ಭಾಗದಲ್ಲಿ ದಟ್ಟವಾಗಿದೆ. ಜನತಾದಳದ್ದು ಹಳೆಯ ಮೈಸೂರಿನಲ್ಲಿ. ಎಲ್ಲೆಡೆ ಎರಡನೆಯ ಸ್ಥಾನಕ್ಕೆ ಬಂದವರ ಮತಕ್ಕೆ ಸೀಟು ಹುಟ್ಟುವುದಿಲ್ಲ.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. 2008ರಲ್ಲೂ ಕಾಂಗ್ರೆಸ್ಸಿಗೇ ತುಸು ಹೆಚ್ಚು ಮತ. ಸೀಟು 80, ಬಿಜೆಪಿಗೆ 110. 2018ರಲ್ಲೂ ಅದೇ: ಮತ 38, ಬಿಜೆಪಿಗೆ 36, ಎಣಿಕೆಯ ದಿನ ಸೀಟು 78, ಬಿಜೆಪಿಗೆ 104. ಇನ್ನು 2023. ಬಿಜೆಪಿಯ ಮತ ಮತ್ತೆ 36ರಲ್ಲೇ ನಿಂತಿತು, ಸೀಟು 66ಕ್ಕೆ ಕುಸಿಯಿತು! ಕಾಂಗ್ರೆಸ್ಸಿನ ಮತ 43ರ ಹತ್ತಿರಕ್ಕೆ ಏರಿತು, ಸೀಟು 135. ಜನತಾದಳದ ಮತ 18ರಿಂದ 13ಕ್ಕೆ ಇಳಿದದ್ದನ್ನು ನೋಡದೆ ಈ ಫಲಿತಾಂಶ ಅರ್ಥವಾಗುವುದೇ ಇಲ್ಲ. ಸೀಟಿನ ಪಟ್ಟಿ ಇದನ್ನು ನಿಮಗೆ ಹೇಳುವುದಿಲ್ಲ.

ಆ ವರ್ಷದ ಮಾರ್ಚಿನಲ್ಲಿ ಧ್ರುವನಾರಾಯಣ ತೀರಿಕೊಂಡರು. ಎರಡು ತಿಂಗಳ ಬಳಿಕ ಪಕ್ಕದ ಕೊಳ್ಳೇಗಾಲದಲ್ಲಿ, ಅದೇ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ನಿಂತ ಎ.ಆರ್. ಕೃಷ್ಣಮೂರ್ತಿಯವರು ಐವತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ನಮಸ್ಕಾರ.