ಹರೆಯದ ಹೆಣ್ಣುಮಕ್ಕಳ ಏದುಸಿರು

ಕೇಳುಗರೇ, ನಮಸ್ಕಾರ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಸಿಗರೇಟು ಮುಟ್ಟಿದವಳಲ್ಲ. ಮಹಡಿ ಹತ್ತಿದರೆ ಸಾಕು, ದಮ್ಮು ಕಟ್ಟುತ್ತದೆ. ರಕ್ತ ಕಮ್ಮಿ ಇರಬೇಕು ಅಂತ ಮನೆಯವರು, ಉಬ್ಬಸ ಅಂತ ಡಾಕ್ಟರು. ಹೆಚ್ಚಿನ ಸಲ ಅವರ ಮಾತೇ ನಿಜ. ಆದರೆ ಅಪರೂಪಕ್ಕೆ ಇದರ ಹಿಂದೆ ಲ್ಯಾಮ್ ಎಂಬ ಕಾಯಿಲೆ ಇರುತ್ತದೆ. ಪೂರ್ತಿ ಹೆಸರು ಲಿಂಫಾಂಜಿಯೋಲಿಯೋಮಯೋಮಾಟೋಸಿಸ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಮಗೇ ಏದುಸಿರು, ಅಲ್ವಾ?

ಇದು ಬರುವುದು ಹೆಚ್ಚುಕಡಿಮೆ ಹೆಂಗಸರಿಗೇ. ಟಿಎಸ್‌ಸಿ ಎಂಬ ಜೀನ್ ಕೆಟ್ಟು, ಒಂದು ಬಗೆಯ ಜೀವಕೋಶಗಳು ಅಂಕೆಯಿಲ್ಲದೆ ಬೆಳೆಯುತ್ತವೆ. ಅವು ಶ್ವಾಸಕೋಶವನ್ನು ಒಳಗೊಳಗೇ ಹಾಳುಮಾಡುತ್ತವೆ. ಅಲ್ಲಲ್ಲಿ ತೆಳ್ಳನೆ ಗೋಡೆಯ, ಗಾಳಿ ತುಂಬಿದ ಗುಳ್ಳೆಗಳು ಏಳುತ್ತವೆ.

ಗುಳ್ಳೆ ಒಡೆದಾಗ ಕಾಯಿಲೆ ಮೊದಲ ಸಲ ಬಯಲಾಗುವುದುಂಟು. ಬಟ್ಟೆ ಒಣಹಾಕುತ್ತಿರುವಾಗ ಎದೆಯ ಒಂದು ಪಕ್ಕ ಚುಚ್ಚಿದಂತಾಗುತ್ತದೆ. ಉಸಿರು ಎಳೆದುಕೊಂಡಷ್ಟೂ ನೋವು ಜಾಸ್ತಿ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುವವರೂ ಇದ್ದಾರೆ. ಅಸಲಿಗೆ ಗಾಳಿ ಶ್ವಾಸಕೋಶದ ಹೊರಗೆ ಸೋರಿ, ಆ ಕಡೆಯ ಶ್ವಾಸಕೋಶ ಕುಗ್ಗಿರುತ್ತದೆ. ಎದೆಗೆ ನಳಿಗೆ ಹಾಕಿ ಗಾಳಿ ತೆಗೆದರೆ ಆರಾಮ. ಆದರೆ ಲ್ಯಾಮ್ ಇದ್ದವರಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಸಿಗರೇಟು ಸೇದದ ಹರೆಯದ ಹೆಂಗಸಿಗೆ ಹೀಗಾದರೆ ಸುಮ್ನೆ ನಳಿಗೆ ತೆಗೆದು ಮನೆಗೆ ಕಳಿಸಬಾರದು, ಸಿಟಿ ಸ್ಕ್ಯಾನ್ ಮಾಡಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಕ್ಸ್‌ರೇ ಎಷ್ಟೋ ಸಲ ಏನೂ ಹೇಳುವುದಿಲ್ಲ. ಸ್ಕ್ಯಾನ್‌ನಲ್ಲಾದರೆ ಎರಡೂ ಕಡೆ ದುಂಡು ದುಂಡಾದ ಗುಳ್ಳೆಗಳು ಎದ್ದು ಕಾಣುತ್ತವೆ.

ಇನ್ನೂ ಕೆಲವು ಸುಳಿವುಗಳಿವೆ. ಕೆಲವರಿಗೆ ಎದೆಯಲ್ಲಿ ಹಾಲಿನಂಥ ಬಿಳಿ ನೀರು ತುಂಬುತ್ತದೆ. ಕೆಲವರಿಗೆ ಕಿಡ್ನಿಯಲ್ಲಿ ಕೊಬ್ಬು, ರಕ್ತನಾಳ ಸೇರಿದ ಗೆಡ್ಡೆ ಇರುತ್ತದೆ. ರಕ್ತಪರೀಕ್ಷೆಯಲ್ಲಿ ವಿಇಜಿಎಫ್-ಡಿ ಎಂಬ ಪ್ರೋಟೀನಿನ ಅಂಶ ಮಿಲಿಲೀಟರಿಗೆ 800 ಪಿಕೋಗ್ರಾಂ ಮುಟ್ಟಿದ್ದು, ಸ್ಕ್ಯಾನ್ ಕೂಡ ತಾಳೆಯಾದರೆ ಶ್ವಾಸಕೋಶದ ಚೂರು ಕತ್ತರಿಸಿ ನೋಡುವ ಗೋಜು ತಪ್ಪುತ್ತದೆ.

ಮದ್ದು ಇದೆ, ಸಿರೋಲಿಮಸ್ ಮಾತ್ರೆ. ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧಿ ಇದು, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಮೊದಲಿಂದಲೂ ಕೊಡುತ್ತಿದ್ದರು. ಲ್ಯಾಮ್‌ನಲ್ಲಿ ಶ್ವಾಸಕೋಶ ಕುಂದುವುದನ್ನು ಇದು ತಡೆಯುತ್ತದೆ ಅಂತ 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2015ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಮುಂದುವರಿಯುತ್ತದೆ, ಹಾಗಾಗಿ ವರ್ಷಗಟ್ಟಲೆ ನುಂಗಬೇಕು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಇಂಥವರಿಗೆ ಬೇಡ. ಮಗು ಬೇಕೆನ್ನುವವರು ಗರ್ಭ ಧರಿಸುವ ಮೊದಲೇ ಶ್ವಾಸಕೋಶದ ತಜ್ಞರ ಹತ್ತಿರ ಮಾತಾಡಿಕೊಳ್ಳಬೇಕು.